ತಂತ್ರಾಂಶದ ಕೈಪಿಡಿಗೆ ಯಾವ ಮಾರ್ಕಪ್? ಮಾರ್ಕ್‌ಡೌನ್, ರೀಸ್ಟ್ರಕ್ಚರ್ಡ್ ಟೆಕ್ಸ್ಟ್, ಆಸ್ಕಿಡಾಕ್, ಡಾಕ್‌ಬುಕ್: ಒಂದು ಹೋಲಿಕೆ

ತಂತ್ರಾಂಶದ ಕೈಪಿಡಿಯನ್ನು ತೆರೆದವರು ವಾಕ್ಯದ ನಡುವೆ ಒಂದು ಹೆಸರನ್ನು ಕಂಡ ಕೂಡಲೇ ಕೆಲವು ಸಂಗತಿಗಳನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಇದನ್ನು ಇದ್ದಂತೆಯೇ ಟೈಪ್ ಮಾಡಬೇಕೇ, ಇದರ ಜಾಗದಲ್ಲಿ ತಮ್ಮ ಗಣಕಕ್ಕೆ ತಕ್ಕ ಮೌಲ್ಯವನ್ನು ತುಂಬಬೇಕೇ, ಇದು ಪರದೆಯ ಮೇಲಿನ ಗುಂಡಿಯ ಹೆಸರೇ, ಅಥವಾ ಪ್ರೋಗ್ರಾಂ ಮುದ್ರಿಸುವ ಉತ್ತರವೇ ಎಂಬುದು ಅವರಿಗೆ ತಿಳಿಯಬೇಕು. ಯುನಿಕ್ಸ್‌ನಲ್ಲಿ ಆದೇಶಗಳ ವಿವರ ಕೊಡುವ ಮ್ಯಾನ್ ಪುಟಗಳಲ್ಲಿ ಇದಕ್ಕೆ ಹಳೆಯ ರೂಢಿಯೊಂದಿದೆ: ಇದ್ದಂತೆಯೇ ಟೈಪ್ ಮಾಡಬೇಕಾದದ್ದು ದಪ್ಪಕ್ಷರದಲ್ಲಿ, ಓದುಗರು ಬದಲಿಸಿಕೊಳ್ಳಬೇಕಾದದ್ದು ಓರೆ ಅಕ್ಷರದಲ್ಲಿ, ಬಿಟ್ಟರೂ ನಡೆಯುವಂಥದ್ದು ಚೌಕ ಆವರಣದೊಳಗೆ, ಮತ್ತೆ ಮತ್ತೆ ಕೊಡಬಹುದಾದದ್ದರ ಮುಂದೆ ಮೂರು ಚುಕ್ಕಿ. ಆದೇಶದ ಸಾಲಿನಲ್ಲಿರುವ ಕಡತದ ಹೆಸರನ್ನು ಓರೆಯಾಗಿ ಬರೆಯದೆ ದಪ್ಪವಾಗಿ ಬರೆದರೆ, ಹೊಸಬರು ಆ ಹೆಸರನ್ನೇ ನಕಲಿಸಿ, ಅಂಥ ಕಡತವೇ ಇಲ್ಲವೆಂಬ ದೋಷಸಂದೇಶದ ಮುಂದೆ ಕುಳಿತಿರುತ್ತಾರೆ.

ಪಠ್ಯದ ನಡುವೆಯೇ ಚಿಹ್ನೆಗಳನ್ನಿಟ್ಟು ಯಾವ ಭಾಗ ಏನೆಂದು ಹೇಳುವ ಮಾರ್ಕಪ್ ಭಾಷೆಯನ್ನು ತಂಡಗಳು ಆರಿಸುವಾಗ ಸಾಮಾನ್ಯವಾಗಿ ಕೇಳುವುದು ಬರೆಯಲು ಯಾವುದು ಸುಲಭ, ಎಲ್ಲರಿಗೂ ಯಾವುದು ಗೊತ್ತಿದೆ ಎಂಬೆರಡು ಪ್ರಶ್ನೆಗಳನ್ನು. ಅವು ಬೇಕಾದ ಪ್ರಶ್ನೆಗಳೇ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದದ್ದು, ಮೇಲೆ ಹೇಳಿದ ವ್ಯತ್ಯಾಸಗಳಲ್ಲಿ ಎಷ್ಟನ್ನು ಈ ಭಾಷೆ ಮೂಲ ಕಡತದಲ್ಲೇ ಉಳಿಸಿಕೊಳ್ಳುತ್ತದೆ ಎಂಬುದು ಎಂದು ನಾನು ನಂಬುತ್ತೇನೆ. ಮೂಲದಲ್ಲಿ ದಾಖಲಾಗದ ಅರ್ಥವನ್ನು ಮುಂದೆ ಯಾವ ಉಪಕರಣವೂ ಊಹಿಸಿ ಹಿಂತಿರುಗಿಸಲಾರದು. ಈ ಹೋಲಿಕೆಯನ್ನು ಆ ಒಂದು ಅಳತೆಯನ್ನು ಮುಂದಿಟ್ಟುಕೊಂಡು ಮಾಡಿದ್ದೇನೆ. ಕನ್ನಡದಲ್ಲಿ ಕೈಪಿಡಿ ಬರೆಯುವವರಿಗೆ ಎದುರಾಗುವ ಒಂದು ತೊಡಕಿಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದೇನೆ.

ಮಾರ್ಕ್‌ಡೌನ್

ಜಾನ್ ಗ್ರೂಬರ್ ಅವರು 2004ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್ ಇಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಅದರ ವಿನ್ಯಾಸದಲ್ಲಿ ಆರನ್ ಸ್ವಾರ್ಟ್ಜ್ ಅವರ ಪಾಲೂ ಇತ್ತು. ಇಮೇಲ್ ಬರೆಯುವಷ್ಟೇ ಸರಾಗವಾಗಿ ಬರೆಯಬಹುದು, ಪರಿವರ್ತಿಸದೆಯೂ ಓದಬಹುದು ಎಂಬುದು ಅದರ ನಿಜವಾದ ಬಲ. ಒಂದು ಯೋಜನೆಯ ಪರಿಚಯದ ಕಡತ, ಸ್ಥಾಪನೆಯ ಟಿಪ್ಪಣಿ, ಬದಲಾವಣೆಗಳ ಪಟ್ಟಿ ಮೊದಲಾದವುಗಳಿಗೆ ಇದನ್ನು ಬಿಟ್ಟು ಬೇರೊಂದನ್ನು ಹುಡುಕುವ ಅಗತ್ಯವೇ ಇಲ್ಲ.

ಆದರೆ ಅರ್ಥವನ್ನು ದಾಖಲಿಸುವ ವಿಷಯಕ್ಕೆ ಬಂದರೆ ಮಾರ್ಕ್‌ಡೌನ್‌ನ ಬಳಿ ಇರುವುದು ಬಹಳ ಕಡಿಮೆ: ಒತ್ತು, ಹೆಚ್ಚಿನ ಒತ್ತು, ಮತ್ತು ಬ್ಯಾಕ್‌ಟಿಕ್ (`) ಚಿಹ್ನೆಗಳ ನಡುವೆ ಬರೆಯುವ ಕೋಡ್. ಕಡತದ ಹೆಸರು, ಆದೇಶ, ಪರಿಸರ ಚರ, ಪ್ರೋಗ್ರಾಂ ಕೊಟ್ಟ ಉತ್ತರ, ಒತ್ತಬೇಕಾದ ಕೀಲಿ ಎಲ್ಲವೂ ಒಂದೇ ಬ್ಯಾಕ್‌ಟಿಕ್‌ನೊಳಗೆ ಸೇರುತ್ತವೆ. ಎಚ್‌ಟಿಎಂಎಲ್‌ನಲ್ಲಿಯೇ ಕೋಡ್, ಕೆಬಿಡಿ, ಸ್ಯಾಂಪ್, ವಾರ್ ಎಂಬ ನಾಲ್ಕು ಬೇರೆ ಬೇರೆ ಟ್ಯಾಗ್‌ಗಳಿರುವಾಗ, ಅದಕ್ಕೆ ಮುನ್ನೆಲೆಯಾಗಿ ಹುಟ್ಟಿದ ಮಾರ್ಕ್‌ಡೌನ್ ಅವುಗಳಲ್ಲಿ ಮೊದಲನೆಯದನ್ನು ಮಾತ್ರ ಉಳಿಸಿಕೊಂಡಿತು. ಉಳಿದವು ಬೇಕಾದರೆ ಮಾರ್ಕ್‌ಡೌನ್‌ನ ನಡುವೆ ನೇರವಾಗಿ ಎಚ್‌ಟಿಎಂಎಲ್ ಬರೆಯಬಹುದು. ಆದರೆ ಹಾಗೆ ಬರೆದದ್ದು ಪಿಡಿಎಫ್‌ಗೋ ಮ್ಯಾನ್ ಪುಟಕ್ಕೋ ಪರಿವರ್ತಿಸುವಾಗ ಬಿದ್ದುಹೋಗುವುದುಂಟು.

ಎರಡನೆಯ ತೊಂದರೆ ರೂಪಭೇದಗಳದ್ದು. ಗ್ರೂಬರ್ ಅವರ ವಿವರಣೆಯಲ್ಲಿ ಅನೇಕ ಅಂಚಿನ ಪ್ರಸಂಗಗಳು ಅಸ್ಪಷ್ಟವಾಗಿಯೇ ಉಳಿದಿದ್ದವು. ಪಟ್ಟಿಯೊಳಗಿನ ಪಟ್ಟಿಗೆ ಎಷ್ಟು ಅಂತರ ಬಿಡಬೇಕು ಎಂಬಂಥ ಸರಳ ಪ್ರಶ್ನೆಗೂ ಒಂದೊಂದು ಉಪಕರಣ ಒಂದೊಂದು ಉತ್ತರ ಕೊಡುತ್ತಿತ್ತು. ಜಾನ್ ಮ್ಯಾಕ್‌ಫಾರ್ಲೇನ್ ಮತ್ತಿತರರು 2014ರಲ್ಲಿ ಹೊರತಂದ ಕಾಮನ್‌ಮಾರ್ಕ್ ನಿರ್ದಿಷ್ಟತೆ ಈ ಗೊಂದಲವನ್ನು ಬಹುಮಟ್ಟಿಗೆ ಬಗೆಹರಿಸಿತು, ಮತ್ತು ಗಿಟ್‌ಹಬ್ 2017ರಲ್ಲಿ ತನ್ನ ರೂಪದ ನಿರ್ದಿಷ್ಟತೆಯನ್ನು ಅದರ ಮೇಲೆಯೇ ಕಟ್ಟಿತು. ಹಾಗಿದ್ದರೂ ಕಾಮನ್‌ಮಾರ್ಕ್‌ನಲ್ಲಿ ಕೋಷ್ಟಕಗಳಿಲ್ಲ, ಅಡಿಟಿಪ್ಪಣಿಗಳಿಲ್ಲ, ಅಧ್ಯಾಯಗಳ ನಡುವಿನ ಪರಸ್ಪರ ಉಲ್ಲೇಖವಿಲ್ಲ, ಎಚ್ಚರಿಕೆಯ ಚೌಕಟ್ಟೂ ಇಲ್ಲ. ಎಚ್ಚರಿಕೆಯ ಚೌಕಟ್ಟನ್ನೇ ನೋಡಿ: ಕೈಪಿಡಿಯ ಜಾಲತಾಣ ಕಟ್ಟುವ ಉಪಕರಣಗಳಲ್ಲಿ ಒಂದಾದ ಎಂಕೆಡಾಕ್ಸ್ ಬಳಸುವ ಪೈಥಾನ್ ಮಾರ್ಕ್‌ಡೌನ್‌ನ ವಿಸ್ತರಣೆಯಲ್ಲಿ ಅದು ಮೂರು ಆಶ್ಚರ್ಯಸೂಚಕಗಳಿಂದ ಆರಂಭವಾಗುತ್ತದೆ, ಅಂಥದ್ದೇ ಇನ್ನೊಂದಾದ ಡಾಕ್ಯುಸಾರಸ್‌ನಲ್ಲಿ ಮೂರು ವಿವರಣ ಚಿಹ್ನೆಗಳಿಂದ (:), ಗಿಟ್‌ಹಬ್‌ನಲ್ಲಿ ಉದ್ಧರಣೆಯೊಳಗಿನ ಚೌಕ ಆವರಣದಿಂದ. ಆದ್ದರಿಂದ ಮಾರ್ಕ್‌ಡೌನ್ ಆರಿಸಿಕೊಂಡೆವು ಎಂದು ಹೇಳುವ ತಂಡ ವಾಸ್ತವದಲ್ಲಿ ಒಂದು ಉಪಕರಣವನ್ನೂ ಅದರ ವಿಸ್ತರಣೆಗಳನ್ನೂ ಆರಿಸಿಕೊಂಡಿರುತ್ತದೆ. ಅವು ಯಾವುವು ಎಂಬುದನ್ನು ಬರೆದಿಡದಿದ್ದರೆ ಉಪಕರಣ ಬದಲಾದ ದಿನ ನೂರಾರು ಪುಟಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ.

ಮಾರ್ಕ್‌ಡೌನ್ ದೊಡ್ಡ ಕೈಪಿಡಿಗಳಿಗೆ ಸಲ್ಲದು ಎಂಬುದು ಮಾತ್ರ ಸರಿಯಲ್ಲ. ರಸ್ಟ್ ಭಾಷೆಯ ಕೋಡ್‌ನಿಂದ ಕೈಪಿಡಿ ತಯಾರಿಸುವ ರಸ್ಟ್‌ಡಾಕ್ ಕಾಮನ್‌ಮಾರ್ಕ್ ಅನ್ನೇ ಬಳಸುತ್ತದೆ, 2020ರ 1.48ನೆಯ ಆವೃತ್ತಿಯಿಂದ, ಚೌಕ ಆವರಣದಲ್ಲಿ ಒಂದು ಫಂಕ್ಷನ್ನಿನ ಹೆಸರು ಬರೆದರೆ ಅದಕ್ಕೆ ತಾನೇ ಕೊಂಡಿ ಹಾಕುತ್ತದೆ, ಆ ಹೆಸರು ಇಲ್ಲದಿದ್ದರೆ ಎಚ್ಚರಿಸುತ್ತದೆ. ಮಾರ್ಕಪ್ ಬಡವಾಗಿದ್ದರೂ ಕೋಡ್ ಅನ್ನು ಬಲ್ಲ ಉಪಕರಣ ಅದರ ಬೆನ್ನಿಗಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ರೀಸ್ಟ್ರಕ್ಚರ್ಡ್ ಟೆಕ್ಸ್ಟ್

ಡೇವಿಡ್ ಗುಡ್ಜರ್ ಅವರು ಡಾಕ್ಯುಟಿಲ್ಸ್ ಯೋಜನೆಯ ಅಂಗವಾಗಿ ರೂಪಿಸಿದ ಈ ಭಾಷೆಯನ್ನು 2002ರಲ್ಲಿ ಪೈಥಾನ್ ಕೋಡ್‌ನೊಳಗಿನ ವಿವರಣೆಗಳಿಗೆ ಬಳಸಬಹುದೆಂದು ಪೈಥಾನ್‌ನ ಸುಧಾರಣಾ ಪ್ರಸ್ತಾವಗಳಲ್ಲಿ ಒಂದಾದ ಪೆಪ್ 287 ಸೂಚಿಸಿತು. ಗಿಯೋರ್ಗ್ ಬ್ರಾಂಡ್ಲ್ ಅವರ ಸ್ಫಿಂಕ್ಸ್ ಎಂಬ ಕೈಪಿಡಿ ತಯಾರಿಸುವ ಉಪಕರಣ 2008ರಲ್ಲಿ ಬಂದ ಮೇಲೆ ಅದರ ನಿಜವಾದ ಶಕ್ತಿ ಕಾಣಿಸಿತು. ಅದೇ ಹೊತ್ತಿಗೆ, ಅದುವರೆಗೆ ಲೇಟೆಕ್‌ನಲ್ಲಿದ್ದ ಪೈಥಾನ್‌ನ ಸ್ವಂತ ಕೈಪಿಡಿಯೂ ಇದಕ್ಕೆ ಬದಲಾಯಿತು.

ಇದರ ತಿರುಳು ರೋಲ್ ಎಂಬ ವ್ಯವಸ್ಥೆಯಲ್ಲಿದೆ. ಬ್ಯಾಕ್‌ಟಿಕ್‌ನ ಹಿಂದೆ ವಿವರಣ ಚಿಹ್ನೆಗಳ ನಡುವೆ ಆ ಪದ ಏನೆಂಬುದನ್ನು ಹೇಳಲಾಗುತ್ತದೆ. ಕಡತಕ್ಕೆ ಫೈಲ್, ಆದೇಶಕ್ಕೆ ಕಮಾಂಡ್, ಪರಿಸರ ಚರಕ್ಕೆ ಎನ್ವಾರ್, ಕೀಲಿಗೆ ಕೆಬಿಡಿ, ಪರದೆಯ ಮೇಲಿನ ಹೆಸರಿಗೆ ಗುಯ್‌ಲೇಬಲ್, ಮೆನುವಿನ ದಾರಿಗೆ ಮೆನುಸೆಲೆಕ್ಷನ್ ಹೀಗೆ ಸ್ಫಿಂಕ್ಸ್‌ನಲ್ಲಿ ಸಿದ್ಧವಾದ ರೋಲ್‌ಗಳಿವೆ. ಫೈಲ್ ರೋಲ್‌ನೊಳಗೆ ಬದಲಿಸಬೇಕಾದ ಭಾಗವನ್ನು ಪುಷ್ಪಾವರಣದಲ್ಲಿ ಬರೆದರೆ ಅಷ್ಟು ಭಾಗ ಮಾತ್ರ ಬೇರೆಯಾಗಿ ಕಾಣುತ್ತದೆ. ಓದುಗರಿಗೆ ಬೇಕಾದ ವ್ಯತ್ಯಾಸಗಳನ್ನೆಲ್ಲ ಹೀಗೆ ಮೂಲದಲ್ಲೇ ದಾಖಲಿಸಬಹುದು. ಕಡತಗಳ ಹೆಸರೆಲ್ಲ ಬೇರೊಂದು ಬಣ್ಣದಲ್ಲಿ ಬರಲಿ ಎಂದು ನಾಳೆ ಅನಿಸಿದರೆ ಒಂದೇ ಜಾಗದಲ್ಲಿ ಬದಲಿಸಿದರೆ ಸಾಕು.

ಈ ಭಾಷೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಮಾರ್ಕ್‌ಡೌನ್‌ನ ಅಭ್ಯಾಸದಿಂದ ಬಂದದ್ದು. ಮಾರ್ಕ್‌ಡೌನ್‌ನಲ್ಲಿ ಕೋಡ್‌ಗೆ ಒಂದೇ ಬ್ಯಾಕ್‌ಟಿಕ್ ಸಾಕು. ಇಲ್ಲಿ ಎರಡು ಬೇಕು. ಒಂದೇ ಬ್ಯಾಕ್‌ಟಿಕ್ ಹಾಕಿ ರೋಲ್ ಹೇಳದೆ ಬಿಟ್ಟರೆ ಅದು ಪೂರ್ವನಿಯೋಜಿತ ರೋಲ್‌ಗೆ ಹೋಗುತ್ತದೆ, ಬೇರೆ ಏರ್ಪಾಡು ಇಲ್ಲದಿದ್ದರೆ ಕೃತಿಶೀರ್ಷಿಕೆಯೆಂಬಂತೆ ಓರೆ ಅಕ್ಷರದಲ್ಲಿ ಬರುತ್ತದೆ. ಕೆಟ್ಟದ್ದೆಂದರೆ ಇದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೋಡ್ ಇರಬೇಕಾದಲ್ಲಿ ಓರೆ ಅಕ್ಷರ ಬಂದಾಗ, ಅದನ್ನು ತಮ್ಮ ಮೌಲ್ಯದಿಂದ ಬದಲಿಸಿಕೊಳ್ಳಬೇಕೆಂದು ಓದುಗರು ತಿಳಿಯುತ್ತಾರೆ, ಅಂದರೆ ಹೇಳಬೇಕಾದದ್ದಕ್ಕೆ ಸರಿಯಾಗಿ ವಿರುದ್ಧವಾದದ್ದು ಅವರಿಗೆ ತಲುಪುತ್ತದೆ. ಎರಡೂ ಭಾಷೆಗಳನ್ನು ಬಳಸುವ ತಂಡಗಳು ಈ ಒಂದು ಅಂಶವನ್ನು ತಮ್ಮ ಶೈಲಿ ಕೈಪಿಡಿಯ ಮೊದಲ ಸಾಲಿನಲ್ಲೇ ಬರೆಯಬೇಕು.

ಶೀರ್ಷಿಕೆಗಳ ವಿಷಯದಲ್ಲಿಯೂ ರೂಢಿ ಮುಖ್ಯ. ಶೀರ್ಷಿಕೆಯ ಕೆಳಗೆ ಎಳೆಯುವ ಗೆರೆಗೆ ಯಾವ ಚಿಹ್ನೆ ಬಳಸಬೇಕೆಂದು ಭಾಷೆ ಕಟ್ಟುಪಾಡು ಹಾಕುವುದಿಲ್ಲ. ಒಂದು ಕಡತದಲ್ಲಿ ಮೊದಲು ಕಂಡ ಚಿಹ್ನೆಯನ್ನು ಮೊದಲ ಹಂತವೆಂದು ತಿಳಿಯುತ್ತದೆ. ಆದ್ದರಿಂದ ಪೈಥಾನ್ ಒಂದು ಕ್ರಮವನ್ನೂ ಲಿನಕ್ಸ್ ಕರ್ನೆಲ್ ಇನ್ನೊಂದನ್ನೂ ನಿಗದಿಪಡಿಸಿಕೊಂಡಿವೆ. ಕರ್ನೆಲ್‌ನಲ್ಲಿ ದಸ್ತಾವೇಜಿನ ಶೀರ್ಷಿಕೆಗೆ ಮೇಲೂ ಕೆಳಗೂ ಸಮಚಿಹ್ನೆಯ ಗೆರೆ, ಅಧ್ಯಾಯಕ್ಕೆ ಕೆಳಗೆ ಮಾತ್ರ ಸಮಚಿಹ್ನೆ, ವಿಭಾಗಕ್ಕೆ ಅಡ್ಡಗೆರೆ, ಉಪವಿಭಾಗಕ್ಕೆ ಟಿಲ್ಡ್. ಯಾವ ಕ್ರಮವಾದರೂ ಸರಿ, ಅದು ಎಲ್ಲ ಕಡತಗಳಲ್ಲಿಯೂ ಒಂದೇ ಆಗಿರಬೇಕು. ಗೆರೆಯ ಉದ್ದ ಶೀರ್ಷಿಕೆಗಿಂತ ಕಡಿಮೆಯಾದರೆ ದೂರು ಬರುತ್ತದೆ. ಕನ್ನಡದ ಶೀರ್ಷಿಕೆಯಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳಿಗಿಂತ ಯಂತ್ರ ಎಣಿಸುವ ಸಂಕೇತಗಳು ಹೆಚ್ಚಾಗಿರುವುದರಿಂದ ಗೆರೆಯನ್ನು ಧಾರಾಳವಾಗಿ ಉದ್ದ ಎಳೆಯುವುದು ಒಳ್ಳೆಯದು.

ಕರ್ನೆಲ್‌ನ ಅನುಭವದಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ. ಅದರ ದಸ್ತಾವೇಜುಗಳು 2016ರ 4.8ನೆಯ ಆವೃತ್ತಿಯಿಂದ ಟ್ಯಾಗ್‌ಗಳಿಂದ ಬರೆಯುವ ಡಾಕ್‌ಬುಕ್ ಬಿಟ್ಟು ಸ್ಫಿಂಕ್ಸ್‌ಗೆ ಬರತೊಡಗಿದವು. ಆದರೆ ಅಲ್ಲಿನ ಅಭಿವರ್ಧಕರು ಆ ಕಡತಗಳನ್ನು ಬಹಳಮಟ್ಟಿಗೆ ಸಂಪಾದಕದಲ್ಲೇ ಸರಳ ಪಠ್ಯವಾಗಿ ಓದುವವರು. ಪ್ರತಿ ಫಂಕ್ಷನ್ನಿನ ಹೆಸರಿಗೂ ರೋಲ್ ಹಚ್ಚಿದರೆ ಓದುವುದೇ ಕಷ್ಟವಾಗುತ್ತಿತ್ತು. ಹೀಗಾಗಿ 2019ರಲ್ಲಿ, ಹೆಸರಿನ ಮುಂದೆ ಖಾಲಿ ಆವರಣವಿದ್ದರೆ ಅದನ್ನು ಫಂಕ್ಷನ್ ಎಂದು ಗುರುತಿಸಿ ತಾನೇ ಕೊಂಡಿ ಹಾಕುವ ವಿಸ್ತರಣೆಯೊಂದನ್ನು ಸೇರಿಸಿದರು, ಮತ್ತು ಕೈಯಿಂದ ರೋಲ್ ಬರೆಯುವುದು ಬೇಡವೆಂದು ಮಾರ್ಗಸೂಚಿಯಲ್ಲಿ ಹೇಳಿದರು. ಮಾರ್ಕಪ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಗೆ ಇದು ತಕ್ಕ ಉತ್ತರ. ಯಂತ್ರ ಖಚಿತವಾಗಿ ಗುರುತಿಸಬಲ್ಲದ್ದನ್ನು ಯಂತ್ರಕ್ಕೆ ಬಿಡಬಹುದು. ಅದು ಗುರುತಿಸಲಾರದ್ದನ್ನು ಮಾತ್ರ ಬರೆಯುವವರು ಗುರುತಿಸಬೇಕು.

ಆಸ್ಕಿಡಾಕ್

ಸ್ಟುವರ್ಟ್ ರ್‍ಯಾಕ್‌ಹ್ಯಾಮ್ ಅವರು 2002ರಲ್ಲಿ ಆರಂಭಿಸಿದ ಆಸ್ಕಿಡಾಕ್, ಡಾಕ್‌ಬುಕ್‌ನ ರಚನೆಯನ್ನು ಸರಳ ಪಠ್ಯದಲ್ಲಿ ಬರೆಯುವ ಉದ್ದೇಶದಿಂದ ಹುಟ್ಟಿದ್ದು. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ಮ್ಯಾನ್ ಪುಟಗಳೆಲ್ಲ ಇದರಲ್ಲಿಯೇ ಇವೆ. ಈಗ ಹೆಚ್ಚಾಗಿ ಬಳಕೆಯಾಗುವುದು ರೂಬಿಯಲ್ಲಿ ಬರೆದ ಆಸ್ಕಿಡಾಕ್ಟರ್. ಕೋಷ್ಟಕಗಳು, ಎಚ್ಚರಿಕೆಗಳು, ಇನ್ನೊಂದು ಕಡತದಿಂದ ಒಂದು ಭಾಗವನ್ನು ಎಳೆದುಕೊಳ್ಳುವುದು, ಆವೃತ್ತಿಯ ಸಂಖ್ಯೆಯನ್ನು ಒಂದೇ ಕಡೆ ಬರೆದು ಎಲ್ಲೆಡೆ ಬಳಸುವುದು ಎಲ್ಲವೂ ಮೂಲ ಭಾಷೆಯಲ್ಲಿಯೇ ಇರುವುದರಿಂದ ವಿಸ್ತರಣೆಗಳ ಹಾವಳಿ ಇಲ್ಲ. ಕೀಲಿ, ಗುಂಡಿ, ಮೆನುಗಳನ್ನು ಗುರುತಿಸುವ ಮ್ಯಾಕ್ರೋಗಳೂ ಇವೆ, ಆದರೆ ಅವು ಕೆಲಸ ಮಾಡಬೇಕಾದರೆ ಎಕ್ಸ್‌ಪೆರಿಮೆಂಟಲ್ ಎಂಬ ಗುಣಲಕ್ಷಣವನ್ನು ಕಡತದ ತಲೆಯಲ್ಲಿ ಘೋಷಿಸಬೇಕು. ಕಡತದ ಹೆಸರು, ಪರಿಸರ ಚರ ಮೊದಲಾದವಕ್ಕೆ ಸಿದ್ಧ ಗುರುತುಗಳಿಲ್ಲ. ಚೌಕ ಆವರಣದಲ್ಲಿ ಒಂದು ಪಾತ್ರದ ಹೆಸರು ಕೊಟ್ಟು ತಾವೇ ಮಾಡಿಕೊಳ್ಳಬೇಕು. ಮುದ್ರಿತ ಪುಸ್ತಕವೂ ಜಾಲತಾಣವೂ ಒಂದೇ ಮೂಲದಿಂದ ಬರಬೇಕೆಂದಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಡಾಕ್‌ಬುಕ್ ಮತ್ತು ಹಳೆಯ ಬಳಗ

ಓರೈಲಿ ಪ್ರಕಾಶನ ಮತ್ತು ಹ್ಯಾಲ್ ಕಂಪ್ಯೂಟರ್ ಸಿಸ್ಟಮ್ಸ್ ಸೇರಿ 1991ರಲ್ಲಿ ಆರಂಭಿಸಿದ ಡಾಕ್‌ಬುಕ್‌ನಲ್ಲಿ ಅರ್ಥವನ್ನು ಹೇಳುವ ನೂರಾರು ಟ್ಯಾಗ್‌ಗಳಿವೆ. ಬಳಕೆದಾರರು ಟೈಪಿಸಿದ್ದು ಒಂದು, ಗಣಕ ತೋರಿಸಿದ್ದು ಇನ್ನೊಂದು, ಬದಲಿಸಬೇಕಾದದ್ದು ಮತ್ತೊಂದು ಟ್ಯಾಗ್. ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ಪಿಎಚ್‌ಪಿಯ ಕೈಪಿಡಿಗಳು ಇಂದಿಗೂ ಇದರಲ್ಲಿವೆ. ರಚನೆ ಸರಿಯಿದೆಯೇ ಎಂದು ಯಂತ್ರವೇ ಪರೀಕ್ಷಿಸಬಲ್ಲುದು. ಆದರೆ ಒಂದು ಸಾಲು ತಿದ್ದಲು ಬಂದ ಹೊಸ ಕೊಡುಗೆದಾರರಿಗೆ ಟ್ಯಾಗ್‌ಗಳ ಕಾಡು ಕಂಡು ಕೈ ಹಿಂದೆಗೆಯುತ್ತದೆ. ಬರೆಯುವುದೇ ಕೆಲಸವಾಗಿರುವ ತಂಡವಿದ್ದರೆ ಮಾತ್ರ ಹೊಸದಾಗಿ ಇದನ್ನು ಆರಿಸಿಕೊಳ್ಳಬಹುದು.

ಗ್ನೂ ಯೋಜನೆಯ ಅಧಿಕೃತ ಭಾಷೆಯಾದ ಟೆಕ್ಸ್‌ಇನ್ಫೋ ಇದೇ ಸೂಕ್ಷ್ಮತೆಯನ್ನು ಹಗುರವಾದ ಬರಹದಲ್ಲಿ ಕೊಡುತ್ತದೆ. ಗ್ನೂ ಯೋಜನೆಯ ಹೊರಗೆ ಅದರ ಬಳಕೆ ವಿರಳ. ಮ್ಯಾನ್ ಪುಟಗಳನ್ನು ನೇರವಾಗಿ ಬರೆಯುವುದಾದರೆ, ದಪ್ಪ ಮತ್ತು ಓರೆ ಎಂಬ ರೂಪವನ್ನಷ್ಟೇ ಹೇಳುವ ಹಳೆಯ ಮ್ಯಾನ್ ಮ್ಯಾಕ್ರೋಗಳಿಗಿಂತ, ಇದು ಹೆಸರು, ಇದು ಆಯ್ಕೆ, ಇದು ಆರ್ಗ್ಯುಮೆಂಟ್ ಎಂದು ಹೇಳುವ ಬಿಎಸ್‌ಡಿ ಪರಂಪರೆಯ ಎಂಡಾಕ್ ಮೇಲು.

ವಿಭಕ್ತಿ ಪ್ರತ್ಯಯದ ತೊಡಕು

ಈಗ ಕನ್ನಡದ ಮಾತಿಗೆ ಬರೋಣ. ಇಂಗ್ಲಿಷಿನಲ್ಲಿ ಕಡತದ ಹೆಸರಿನ ನಂತರ ಸಾಮಾನ್ಯವಾಗಿ ಖಾಲಿ ಜಾಗ ಬರುತ್ತದೆ. ಕನ್ನಡದಲ್ಲಿ ಹೆಸರಿಗೆ ಅಂಟಿಕೊಂಡೇ ಅನ್ನು, ಇಂದ, ಗೆ, ಅಲ್ಲಿ ಬರುತ್ತವೆ. ಗುರುತಿಸಿದ ಪದವೊಂದರ ಕೊನೆಯ ಬ್ಯಾಕ್‌ಟಿಕ್‌ಗೆ ಕನ್ನಡದ ಅಕ್ಷರ ತಾಗಿದಾಗ ಏನಾಗುತ್ತದೆ ಎಂಬುದು ಒಂದೊಂದು ಭಾಷೆಯಲ್ಲಿ ಒಂದೊಂದು ರೀತಿ, ಮತ್ತು ಇಂಗ್ಲಿಷಿನಲ್ಲಿ ನಡೆಯುವ ಹೋಲಿಕೆಗಳಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ಇಲ್ಲಿ ಅತ್ಯಂತ ಕಟ್ಟುನಿಟ್ಟು. ಗುರುತು ಮುಗಿದ ಕೂಡಲೇ ಖಾಲಿ ಜಾಗವೋ ವಿರಾಮಚಿಹ್ನೆಯೋ ಇರಲೇಬೇಕು. ``ಹೆಸರು``ನಲ್ಲಿ ಎಂದು ಬರೆದರೆ ಗುರುತು ಮುಗಿದಿದೆಯೆಂದು ಅದು ಒಪ್ಪುವುದಿಲ್ಲ. ಮುಚ್ಚುವ ಗುರುತು ಇಲ್ಲವೆಂಬ ಎಚ್ಚರಿಕೆ ಬರುತ್ತದೆ, ಬ್ಯಾಕ್‌ಟಿಕ್‌ಗಳು ಹಾಗೆಯೇ ಪುಟದ ಮೇಲೆ ಕಾಣುತ್ತವೆ. ನಾವು ಅರ್ಧಾಕ್ಷರದ ನಂತರ ಬಳಸುವ ಶೂನ್ಯ ಅಗಲದ ಸಂಕೇತವನ್ನು ನಡುವೆ ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಅದು ಖಾಲಿ ಜಾಗವೆಂದು ಲೆಕ್ಕಕ್ಕೆ ಬರುವುದಿಲ್ಲ. ಹಿಂಗೆರೆಯೊಂದನ್ನು ಹಾಕಿ ಅದರ ಮುಂದೆ ಖಾಲಿ ಜಾಗ ಬಿಟ್ಟರೆ ಆ ಎರಡೂ ಅಳಿಸಿಹೋಗಿ ಪ್ರತ್ಯಯ ಅಂಟಿಕೊಂಡು ಬರುತ್ತದೆ: ``ಹೆಸರು``\ ನಲ್ಲಿ. ಕೆಲಸ ನಡೆಯುತ್ತದೆ, ಆದರೆ ಪ್ರತಿ ವಾಕ್ಯದಲ್ಲೂ ಹೀಗೆ ಬರೆಯುವುದು ಅನುವಾದಕರ ಮೇಲೆ ಹೊರೆ.

ಆಸ್ಕಿಡಾಕ್ ಇದನ್ನು ಮೊದಲೇ ಯೋಚಿಸಿದೆ. ಒಂಟಿ ಚಿಹ್ನೆ ಪದದ ಗಡಿಯಲ್ಲಿ ಮಾತ್ರ ನಡೆಯುತ್ತದೆ. ಪದದ ನಡುವೆ ಬೇಕಾದರೆ ಅದೇ ಚಿಹ್ನೆಯನ್ನು ಜೋಡಿಯಾಗಿ ಹಾಕಬೇಕು. ಕನ್ನಡದ ಕೈಪಿಡಿಯಲ್ಲಿ ಜೋಡಿ ಬ್ಯಾಕ್‌ಟಿಕ್, ಜೋಡಿ ನಕ್ಷತ್ರಗಳನ್ನೇ ರೂಢಿಯಾಗಿ ಇಟ್ಟುಕೊಂಡರೆ ಸಮಸ್ಯೆ ಬಗೆಹರಿಯುತ್ತದೆ.

ಮಾರ್ಕ್‌ಡೌನ್‌ನ ಬ್ಯಾಕ್‌ಟಿಕ್‌ಗೆ ಇಂಥ ನಿರ್ಬಂಧವಿಲ್ಲ, `ಹೆಸರು`ನಲ್ಲಿ ಎಂದು ಸರಾಗವಾಗಿ ಬರೆಯಬಹುದು. ನಕ್ಷತ್ರಗಳು ಕೂಡ ಸಾಮಾನ್ಯವಾಗಿ ನಡೆಯುತ್ತವೆ, ಆದರೆ ಗುರುತಿಸಿದ ಭಾಗ ಆವರಣದಂಥ ಚಿಹ್ನೆಯಿಂದ ಮುಗಿದು ಅದರ ಬೆನ್ನಿಗೇ ಪ್ರತ್ಯಯ ಬಂದರೆ, ಅಂದರೆ **ಓಡಿಸು()**ಗೆ ಎಂಬಂತೆ ಬರೆದರೆ, ಕಾಮನ್‌ಮಾರ್ಕ್‌ನ ನಿಯಮದಂತೆ ಕೊನೆಯ ನಕ್ಷತ್ರಗಳು ಮುಚ್ಚುವ ಗುರುತಾಗುವುದಿಲ್ಲ. ಅಡಿಗೆರೆಯಿಂದ ಒತ್ತು ಕೊಡುವುದಂತೂ ಪ್ರತ್ಯಯ ತಾಗಿದರೆ ನಡೆಯುವುದೇ ಇಲ್ಲ. ಕನ್ನಡದಲ್ಲಿ ಒತ್ತಿಗೆ ನಕ್ಷತ್ರವನ್ನಷ್ಟೇ ಬಳಸಬೇಕು. ಡಾಕ್‌ಬುಕ್‌ನಲ್ಲೂ ಟೆಕ್ಸ್‌ಇನ್ಫೋದಲ್ಲೂ ಟ್ಯಾಗ್ ಅಥವಾ ಆವರಣ ಸ್ಪಷ್ಟವಾಗಿ ಮುಚ್ಚಿಕೊಳ್ಳುವುದರಿಂದ ಯಾವ ತೊಡಕೂ ಇಲ್ಲ.

ಭಾಷೆ ಯಾವುದೇ ಇರಲಿ, ಇದಕ್ಕಿಂತ ಒಳ್ಳೆಯ ದಾರಿಯೊಂದು ಕನ್ನಡದ ವಾಕ್ಯರಚನೆಯಲ್ಲೇ ಇದೆ. ಗುರುತಿಸಿದ ಹೆಸರನ್ನು ಹಾಗೆಯೇ ಬಿಟ್ಟು, ಒಂದು ಖಾಲಿ ಜಾಗದ ನಂತರ ಅದು ಏನೆಂದು ಹೇಳುವ ನಾಮಪದವನ್ನು ಬರೆದು, ಪ್ರತ್ಯಯವನ್ನು ಆ ನಾಮಪದಕ್ಕೆ ಹಚ್ಚುವುದು: ಇಂಥ ಕಡತದಲ್ಲಿ, ಇಂಥ ಆದೇಶದಿಂದ, ಇಂಥ ಗುಂಡಿಯನ್ನು. ಹೀಗೆ ಬರೆದಾಗ ಹೆಸರನ್ನು ನಕಲಿಸುವಾಗ ಕನ್ನಡದ ಅಕ್ಷರ ಜೊತೆಗೆ ಬರುವುದಿಲ್ಲ, ಪರದೆ ಓದುವ ತಂತ್ರಾಂಶವನ್ನು ನೆಚ್ಚಿಕೊಂಡವರಿಗೂ ಅದು ಏನೆಂದು ಕಿವಿಯಿಂದಲೇ ತಿಳಿಯುತ್ತದೆ, ಮಾರ್ಕಪ್ ಬದಲಾದರೂ ವಾಕ್ಯ ಕೆಡುವುದಿಲ್ಲ. ವಾಕ್ಯಗಳು ತುಸು ಉದ್ದವಾಗುತ್ತವೆ ಎಂಬುದು ನಿಜ. ಆ ಬೆಲೆ ತೆರಬಹುದಾದದ್ದೇ.

ಓರೆ ಅಕ್ಷರದ ಬಗ್ಗೆಯೂ ಒಂದು ಮಾತು. ಕನ್ನಡದ ಬಹುಪಾಲು ಫಾಂಟ್‌ಗಳಲ್ಲಿ ಓರೆ ಅಕ್ಷರಗಳನ್ನು ಪ್ರತ್ಯೇಕವಾಗಿ ವಿನ್ಯಾಸ ಮಾಡಿರುವುದಿಲ್ಲ. ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ, ಗುಂಡನೆಯ ನಮ್ಮ ಅಕ್ಷರಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುವುದೂ ಇಲ್ಲ. ಬದಲಿಸಬೇಕಾದ ಪದವನ್ನು ಓರೆಯಿಂದಷ್ಟೇ ತೋರಿಸುವ ರೂಢಿಯನ್ನು ಕನ್ನಡಕ್ಕೆ ಹಾಗೆಯೇ ತಂದರೆ ಓದುಗರಿಗೆ ಸುಳಿವೇ ಸಿಗದಿರಬಹುದು. ಕೋನಾವರಣದಲ್ಲಿ ಬರೆಯುವುದು ಅಥವಾ ಹಿನ್ನೆಲೆಯ ಬಣ್ಣ ಬದಲಿಸುವುದು ಹೆಚ್ಚು ಕ್ಷೇಮ. ರೋಲ್ ಅಥವಾ ಟ್ಯಾಗ್‌ನಿಂದ ಗುರುತಿಸಿದ್ದರೆ ಈ ಬದಲಾವಣೆಯನ್ನು ಕನ್ನಡದ ಆವೃತ್ತಿಗೆ ಮಾತ್ರ ಶೈಲಿ ಕಡತದಲ್ಲಿ ಮಾಡಬಹುದು. ಬರಿಯ ನಕ್ಷತ್ರದಿಂದ ಗುರುತಿಸಿದ್ದರೆ ಒತ್ತು ಯಾವುದು, ಬದಲಿಸಬೇಕಾದದ್ದು ಯಾವುದು ಎಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.

ಆಯ್ಕೆ

ಕೆಲವೇ ಪುಟಗಳ ಯೋಜನೆ, ಬಿಡುವಿನಲ್ಲಿ ಬಂದು ಹೋಗುವ ಕೊಡುಗೆದಾರರು ಎಂದಾದರೆ ಮಾರ್ಕ್‌ಡೌನ್ ಸಾಕು. ಕಾಮನ್‌ಮಾರ್ಕ್‌ನಿಂದ ಆಚೆಗೆ ಏನನ್ನು ಬಳಸುತ್ತೀರಿ ಎಂಬುದನ್ನು ಪಟ್ಟಿ ಮಾಡಿಡಿ. ಕೋಡ್‌ನಿಂದಲೇ ವಿವರಣೆಗಳನ್ನು ಎಳೆದುಕೊಳ್ಳಬೇಕು, ಹೆಸರುಗಳಿಗೆ ಕೊಂಡಿ ಬೇಕು, ಅನೇಕ ಭಾಷೆಗಳಿಗೆ ಅನುವಾದವಾಗಬೇಕು ಎಂದಿದ್ದರೆ ಸ್ಫಿಂಕ್ಸ್‌ನ ಜೊತೆ ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ನನ್ನ ಆಯ್ಕೆ. ಅದು ಅನುವಾದಕರು ಬಳಸುವ ಗೆಟ್‌ಟೆಕ್ಸ್ಟ್ ಉಪಕರಣದ ಪಿಒ ಕಡತಗಳಿಗೆ ಪ್ಯಾರಾಗಳನ್ನು ಒಂದೊಂದಾಗಿ ಇಳಿಸುತ್ತದೆ, ಮತ್ತು ಮೂಲದಲ್ಲಿದ್ದ ಉಲ್ಲೇಖವೊಂದು ಅನುವಾದದಲ್ಲಿ ತಪ್ಪಿಹೋಗಿದ್ದರೆ ಎಚ್ಚರಿಸುತ್ತದೆ. ಕನ್ನಡಕ್ಕೆ ತರುವವರಿಗೆ ಇದೊಂದು ದೊಡ್ಡ ಆಸರೆ. ಸ್ಫಿಂಕ್ಸ್ ಬೇಕು ಆದರೆ ಮಾರ್ಕ್‌ಡೌನ್‌ನ ಬರಹವೇ ಇರಲಿ ಎನ್ನುವವರಿಗೆ ಮಿಸ್ಟ್ ಎಂಬ ರೂಪವಿದೆ, ಅದರಲ್ಲಿ ರೋಲ್‌ಗಳನ್ನೂ ಬರೆಯಬಹುದು. ಪುಸ್ತಕದ ಸ್ವರೂಪದ ಕೈಪಿಡಿಗೆ ಆಸ್ಕಿಡಾಕ್. ಈಗಾಗಲೇ ಡಾಕ್‌ಬುಕ್‌ನಲ್ಲಿರುವ ದೊಡ್ಡ ಕೈಪಿಡಿಯನ್ನು ಫ್ಯಾಶನ್ನಿಗಾಗಿ ಬದಲಿಸಬೇಡಿ.

ಬದಲಿಸಲೇಬೇಕಾದಾಗ ದಿಕ್ಕನ್ನು ಗಮನಿಸಬೇಕು. ಜಾನ್ ಮ್ಯಾಕ್‌ಫಾರ್ಲೇನ್ ಅವರೇ 2006ರಲ್ಲಿ ಆರಂಭಿಸಿದ ಪ್ಯಾನ್‌ಡಾಕ್ ಈ ಭಾಷೆಗಳ ನಡುವೆ ಪರಿವರ್ತಿಸಬಲ್ಲುದು. ಆದರೆ ಡಾಕ್‌ಬುಕ್‌ನಿಂದ ಮಾರ್ಕ್‌ಡೌನ್‌ಗೆ ಬಂದಾಗ ಕಡತ, ಆದೇಶ, ಪರಿಸರ ಚರಗಳೆಲ್ಲ ಒಂದೇ ಬ್ಯಾಕ್‌ಟಿಕ್ ಆಗಿಬಿಡುತ್ತವೆ. ಆಮೇಲೆ ಮನಸ್ಸು ಬದಲಿಸಿದರೆ ಅವುಗಳನ್ನು ಮತ್ತೆ ಬೇರ್ಪಡಿಸಲು ಒಬ್ಬರು ಕುಳಿತು ಪುಟ ಪುಟವನ್ನೂ ಓದಬೇಕು. ಆದ್ದರಿಂದ ಪರಿವರ್ತನೆಗೆ ಮುನ್ನ ಹಳೆಯ ಮೂಲವನ್ನು ಗಿಟ್‌ನಲ್ಲಿ ಒಂದು ಟ್ಯಾಗ್ ಹಾಕಿ ಉಳಿಸಿಕೊಳ್ಳಿ. ಪರಿವರ್ತನೆಯ ನಂತರ ಉಪಕರಣದ ಎಚ್ಚರಿಕೆಗಳನ್ನು ದೋಷಗಳೆಂದೇ ಪರಿಗಣಿಸುವ ಏರ್ಪಾಡು ಮಾಡಿ. ಸ್ಫಿಂಕ್ಸ್‌ನಲ್ಲಿ ಇದಕ್ಕೂ, ಗುರಿ ಇಲ್ಲದ ಉಲ್ಲೇಖಗಳನ್ನೆಲ್ಲ ಹುಡುಕಿ ತೋರಿಸುವುದಕ್ಕೂ ಪ್ರತ್ಯೇಕ ಆಯ್ಕೆಗಳಿವೆ. ಹಳೆಯ ಕೈಪಿಡಿಯಲ್ಲಿ ಅವುಗಳನ್ನು ಮೊದಲ ಬಾರಿ ಚಾಲೂ ಮಾಡಿದಾಗ ಬರುವ ದೋಷಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದನ್ನು ಅಧ್ಯಾಯವಾರು ಹಂಚಿಕೊಂಡು ತೀರಿಸಿ, ತೀರಿದ ಅಧ್ಯಾಯಗಳಿಗೆ ತಪಾಸಣೆಯನ್ನು ಕಡ್ಡಾಯ ಮಾಡುತ್ತಾ ಹೋಗಬಹುದು.